ಅಂಪೈರ್ ಕ್ಲಿಕ್ಕರ್: ಎರಡು ಸೀಸನ್ ಹಿಡಿದ ಮೇಲೆ ಹೇಳುತ್ತಿದ್ದೇನೆ

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅಂಚಿನಲ್ಲಿ ನಾಲ್ಕು ಹಲ್ಲಿನ ಚಕ್ರ. ಹೆಬ್ಬೆರಳಲ್ಲಿ ತಿರುಗಿಸಿದರೆ ಸಣ್ಣ ಕಿಟಕಿಯಲ್ಲಿ ಅಂಕಿ ಬದಲಾಗುತ್ತದೆ. ಒಂದು ಚಕ್ರ ಬಾಲ್‌ಗೆ, ಒಂದು ಸ್ಟ್ರೈಕ್‌ಗೆ, ಒಂದು ಔಟ್‌ಗೆ, ಕೊನೆಯದು ಇನ್ನಿಂಗ್ಸ್‌ಗೆ. ಬೇಸ್‌ಬಾಲ್ ಅಂಪೈರ್‌ಗಳು ಎಡಗೈಯಲ್ಲಿ ಹಿಡಿದುಕೊಳ್ಳುವ ಲೆಕ್ಕದ ಡಬ್ಬಿ ಇದು. ಅಂಗಡಿಯಲ್ಲಿ ಇಂಡಿಕೇಟರ್ ಅಂತ ಬರೆದಿರುತ್ತಾರೆ, ಮೈದಾನದಲ್ಲಿ ಎಲ್ಲರೂ ಕ್ಲಿಕ್ಕರ್ ಅನ್ನುತ್ತಾರೆ. ನಾನು ಎರಡು ಕೊಂಡೆ. ಮೊದಲನೆಯದು ಪ್ಲಾಸ್ಟಿಕ್, 6 ಡಾಲರ್. ಎರಡನೆಯದು ಸ್ಟೀಲ್, 13 ಡಾಲರ್. ಮೊದಲೇ ಸ್ಟೀಲ್ ಕೊಂಡಿದ್ದರೆ 6 ಡಾಲರ್ ಉಳಿಯುತ್ತಿತ್ತು, ಒಂದು ಮ್ಯಾಚಿನ ಮರ್ಯಾದೆಯೂ ಉಳಿಯುತ್ತಿತ್ತು.

ನಾನು ಭದ್ರಾವತಿಯವಳು. ಈಗ ನ್ಯೂಜೆರ್ಸಿಯಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮಗ ಇಲ್ಲಿನ ಮಕ್ಕಳ ಲೀಗ್‌ನಲ್ಲಿ ಬೇಸ್‌ಬಾಲ್ ಆಡುತ್ತಾನೆ. ಮೂರು ವರ್ಷದ ಹಿಂದೆ ಅಪ್ಪ ಅಮ್ಮಂದಿರ ಸಭೆ ಕರೆದು, ಅಂಪೈರ್ ಇಲ್ಲದಿದ್ದರೆ ಆಟವೂ ಇಲ್ಲ, ಯಾರಾದರೂ ಮುಂದೆ ಬನ್ನಿ ಅಂದರು. ಎಲ್ಲರೂ ಅವರವರ ಶೂ ನೋಡಿಕೊಂಡು ಕೂತರು. ನಾನು ಕೈ ಎತ್ತಿದೆ. ಅದು ಕಾಫಿ ಎಲ್ಲಿದೆ ಅಂತ ಕೇಳೋಕೆ ಎತ್ತಿದ್ದು ಅಂತ ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ಅಂತೂ ಹೆಸರು ಬರೆದುಕೊಂಡರು. ಎರಡು ಶನಿವಾರ ತರಬೇತಿ ಕೊಟ್ಟರು, ಒಂದು ನೀಲಿ ಶರ್ಟ್ ಕೊಟ್ಟರು. ಅಂಪೈರ್‌ಗೆ ಇಲ್ಲಿ ಆ ಶರ್ಟಿನ ಬಣ್ಣವೇ ಹೆಸರು. ಹನ್ನೆರಡು ವರ್ಷದ ಹುಡುಗರೂ ನನ್ನನ್ನು 'ಬ್ಲೂ' ಅಂತಲೇ ಕರೆಯುತ್ತಾರೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ಅನುಮಾನ ಬರುತ್ತದೆ. ಎಣಿಸೋಕೆ ಡಬ್ಬಿ ಯಾಕೆ ಬೇಕು? ಓವರಿಗೆ ಆರು ಬಾಲು, ಜೇಬಲ್ಲಿ ಆರು ಕಲ್ಲು ಸಾಕಲ್ವಾ? ಇಲ್ಲಿ ಸಾಲದು. ಪಿಚರ್, ಅಂದರೆ ಇಲ್ಲಿನ ಬೌಲರ್, ಎಸೆದ ಚೆಂಡು ಸರಿಯಾದ ಜಾಗಕ್ಕೆ ಬಂದರೆ ಸ್ಟ್ರೈಕ್, ಬ್ಯಾಟರ್ ಬೀಸಿ ತಪ್ಪಿದರೂ ಸ್ಟ್ರೈಕ್. ಜಾಗ ತಪ್ಪಿ ಬಂದು ಬ್ಯಾಟರ್ ಸುಮ್ಮನೆ ಬಿಟ್ಟರೆ ಅದಕ್ಕೆ 'ಬಾಲ್' ಅಂತ ಹೆಸರು. ಮೂರು ಸ್ಟ್ರೈಕ್‌ಗೆ ಔಟ್, ನಾಲ್ಕು ಬಾಲ್‌ಗೆ ಮೊದಲ ಬೇಸ್ ಪುಕ್ಕಟೆ. ಬೇಸ್ ಅಂದರೆ ಓಡುವವನು ಮುಟ್ಟಬೇಕಾದ ಮೂಲೆ; ಮೂರು ಬೇಸ್ ಸುತ್ತಿ, ಬ್ಯಾಟರ್ ನಿಲ್ಲುವ ಪ್ಲೇಟಿಗೆ, ಅಂದರೆ 'ಮನೆ'ಗೆ, ವಾಪಸ್ ಬಂದರೆ ಒಂದು ರನ್. ಎರಡು ಸ್ಟ್ರೈಕ್ ಆದ ಮೇಲೆ ಚೆಂಡು ಬ್ಯಾಟಿಗೆ ತಗುಲಿ ಗೆರೆಯಾಚೆ ಬಿದ್ದರೆ ಯಾವ ಲೆಕ್ಕಕ್ಕೂ ಇಲ್ಲ. ಒಬ್ಬ ಹುಡುಗ ಹೀಗೆ ಹತ್ತು ಚೆಂಡು ಎಳೆದಾಡಿಬಿಟ್ಟರೆ ನೀವು ಎಣಿಕೆ ಮರೆಯುತ್ತೀರಿ. ಖಂಡಿತಾ ಮರೆಯುತ್ತೀರಿ. ಮಧ್ಯೆ ಒಬ್ಬ ಬೇಸ್ ಕದಿಯೋಕೆ ಓಡುತ್ತಾನೆ, ಒಬ್ಬನ ಶೂ ಲೇಸ್ ಬಿಚ್ಚುತ್ತದೆ, ಒಬ್ಬನಿಗೆ ಒಂದಕ್ಕೆ ಬರುತ್ತದೆ.

ಈ ಅಂಕಿಗಳೂ ಹುಟ್ಟಿದಾಗಿನಿಂದ ಇವೇ ಅಲ್ಲ. 1879ರಲ್ಲಿ ಪುಕ್ಕಟೆ ಬೇಸ್ ಸಿಗೋಕೆ ಒಂಬತ್ತು ಬಾಲ್ ಬೇಕಿತ್ತು. ಆಮೇಲೆ ಇಳಿಯುತ್ತಾ ಇಳಿಯುತ್ತಾ 1889ರಲ್ಲಿ ನಾಲ್ಕಕ್ಕೆ ನಿಂತಿತು. 1887ರಲ್ಲಂತೂ ಒಂದೇ ಒಂದು ವರ್ಷ ಬ್ಯಾಟರ್‌ಗೆ ನಾಲ್ಕು ಸ್ಟ್ರೈಕ್ ಕೊಟ್ಟು ನೋಡಿದರು. ಮಾರನೇ ವರ್ಷ ವಾಪಸ್ ತೆಗೆದುಕೊಂಡರು. ಆಗ ಕ್ಲಿಕ್ಕರ್ ಕೊಂಡವರಿಗೆ ವರ್ಷಾ ವರ್ಷಾ ಹೊಸದು ಕೊಳ್ಳುವ ಗ್ರಹಚಾರ.

ಈಗ ಪ್ಲಾಸ್ಟಿಕ್ಕಿನದರ ವಿಚಾರ. ಹಗುರ, ಕೈಗೆ ಹಿತ, ಬಿದ್ದರೂ ಒಡೆಯಲಿಲ್ಲ. ಆದರೆ ಎರಡು ದೋಷ. ಅಂಕಿಗಳು ಬರೀ ಬಣ್ಣದಲ್ಲಿ ಬರೆದವು, ಮೊದಲ ಸೀಸನ್ ಮುಗಿಯುವಷ್ಟರಲ್ಲಿ 2 ಯಾವುದು 3 ಯಾವುದು ಗೊತ್ತಾಗದಷ್ಟು ಸವೆದವು. ಅದಕ್ಕಿಂತ ಕೆಟ್ಟದ್ದು, ಬೆವರು ಒಳಗೆ ಇಳಿದರೆ ಬಾಲ್ ಚಕ್ರ ತಾನೇ ಒಂದು ಹಲ್ಲು ಜಾರುತ್ತದೆ. ಟಕ್ ಅಂತ ಶಬ್ದವೂ ಬರುವುದಿಲ್ಲ. ಸದ್ದಿಲ್ಲದೆ ಸುಳ್ಳು ಹೇಳುತ್ತದೆ.

ಹೋದ ವರ್ಷ ಮೇ ತಿಂಗಳ ಒಂದು ಶನಿವಾರ. 11-12 ವಯಸ್ಸಿನ ಮಕ್ಕಳ ಮ್ಯಾಚ್. ಇವರಿಗೆ ಆರೇ ಇನ್ನಿಂಗ್ಸ್. ಆರನೆಯದರ ಎರಡನೇ ಅರ್ಧ, ಸ್ಕೋರು 4-4, ಎರಡು ಔಟ್, ಮೂರೂ ಬೇಸಿನಲ್ಲಿ ಓಟಗಾರರು. ಪುಕ್ಕಟೆ ಬೇಸ್ ಸಿಕ್ಕರೆ ಒಬ್ಬ ಮನೆಗೆ ಬರುತ್ತಾನೆ, ಆಟ ಮುಗಿಯುತ್ತದೆ. ಚೆಂಡು ಹೊರಗೆ ಬಂತು. ನಾನು 'ಬಾಲ್' ಅಂದೆ, ಚಕ್ರ ತಿರುಗಿಸಿದೆ. ಬ್ಯಾಟರ್ ಬ್ಯಾಟು ಬಿಸಾಕಿ ಮೊದಲ ಬೇಸ್ ಕಡೆ ಕುಣಿಯುತ್ತಾ ಹೊರಟ. ನನ್ನ ಕ್ಲಿಕ್ಕರ್ ನೋಡಿದರೆ ಮೂರೇ ಬಾಲ್ ತೋರಿಸುತ್ತಿದೆ.

ಒಂದು ಕಡೆಯ ಬೆಂಚಿನಿಂದ 'ನಾಲ್ಕು' ಅಂತ ಕೂಗು. ಇನ್ನೊಂದು ಕಡೆಯಿಂದ 'ಮೂರು'. ಎರಡೂ ತಂಡದ ಸ್ಕೋರ್ ಪುಸ್ತಕ ತರಿಸಿದೆ. ಒಂದರಲ್ಲಿ ನಾಲ್ಕು, ಒಂದರಲ್ಲಿ ಮೂರು. ಬೇಸ್ ಅಂಪೈರ್ ಆಗಿದ್ದವನು 17 ವರ್ಷದ ಹುಡುಗ, ಪಾಪ, ಅವನ ಕೈಯಲ್ಲಿ ಕ್ಲಿಕ್ಕರೇ ಇರಲಿಲ್ಲ. ಜಾಲರಿ ಹಿಂದೆ ಒಬ್ಬರು ಅಪ್ಪ ಫೋನು ಎತ್ತಿ ಹಿಡಿದು, ಇದರಲ್ಲಿ ಎಲ್ಲ ಇದೆ ಬಂದು ನೋಡಿ ಅಂತ ಕಿರುಚುತ್ತಿದ್ದರು. ಆ ಫೋನಿನಲ್ಲಿ ಕಾಣುತ್ತಿದ್ದದ್ದು ಅವರ ಮಗನ ಬೆನ್ನು ಮಾತ್ರ. ನನಗೆ ಮಾಸ್ಕ್ ಒಳಗೆ ಕಿವಿ ಬಿಸಿಯಾಗಿ, ಅಮ್ಮಾ ಯಾಕಾದರೂ ಕೈ ಎತ್ತಿದೆನೋ ಅನ್ನಿಸಿತು.

ಆಗ ಪಿಚರ್ ನಡೆದುಕೊಂಡು ಬಂದ. ಕನ್ನಡಕದ ಹುಡುಗ, ಟೋಪಿ ಕಿವಿಯವರೆಗೆ ಇಳಿದಿತ್ತು. ಚೆಂಡನ್ನು ಗ್ಲೌಸಿನಲ್ಲಿ ಒತ್ತುತ್ತಾ ನಿಂತು ಮೆಲ್ಲಗೆ ಹೇಳಿದ: 'ನಾಲ್ಕು, ಬ್ಲೂ. ನಾನೇ ಹಾಕಿದ್ದಲ್ವಾ, ನನಗೆ ಗೊತ್ತು.'

ಆಟ ಮುಗಿಯಿತು. ಅವನ ತಂಡ ಸೋತಿತು. ಅವನ ಕೋಚ್ ಬಂದು ಆ ಟೋಪಿಯ ಮೇಲೆ ಒಂದು ಸಲ ಕೈಯಿಟ್ಟರು, ಮಾತಾಡಲಿಲ್ಲ. ಫೋನು ಹಿಡಿದಿದ್ದ ಅಪ್ಪ ಕಾರಿನ ಬಾಗಿಲು ಹಾಕಿದ ಸದ್ದು ಎರಡನೇ ಮೈದಾನದವರೆಗೂ ಕೇಳಿತು.

ರಾತ್ರಿ ಭದ್ರಾವತಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಕಬ್ಬಿಣ ಕಾರ್ಖಾನೆಯಲ್ಲಿ ದುಡಿದವರು, ಬೇಸ್‌ಬಾಲ್ ಅಂದರೆ ಲಗೋರಿಗೆ ಅಣ್ಣ ಅಂದುಕೊಂಡಿದ್ದಾರೆ. ಪೂರ್ತಿ ಕೇಳಿ, 'ಪುಟ್ಟೀ, ಆ ಹುಡುಗ ನಮ್ಮೂರಿನವನೇ ಇರಬೇಕು ನೋಡು' ಅಂದರು. ಅವರು ಹೇಳಿದ್ದು ಜಿ.ಆರ್. ವಿಶ್ವನಾಥ್ ವಿಚಾರ. ವಿಶಿ ಹುಟ್ಟಿದ್ದು ಭದ್ರಾವತಿಯಲ್ಲಿ. 1980ರಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ಜೂಬಿಲಿ ಟೆಸ್ಟ್. ವಿಶಿ ಕ್ಯಾಪ್ಟನ್. ಇಂಗ್ಲೆಂಡಿನ ಐದು ವಿಕೆಟ್ ಬಿದ್ದಾಗಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಿಲ್ಲ ಅಂತ ವಿಶಿಗೆ ಅನ್ನಿಸಿತು, ವಾಪಸ್ ಕರೆದರು. ಟೇಲರ್ ನಿಂತು ಆಡಿದರು, ಬೋಥಂ ಶತಕ ಹೊಡೆದರು, ನಾವು ಹತ್ತು ವಿಕೆಟ್‌ಗಳಿಂದ ಸೋತೆವು. ನಮ್ಮ ಮನೆಯಲ್ಲಿ ಈ ಕತೆ ಗಣೇಶನ ಹಬ್ಬದ ಕತೆಯ ಹಾಗೆ, ವರ್ಷಕ್ಕೊಂದು ಸಲ ಹೇಳಲೇಬೇಕು. ಪ್ರತಿ ಸಲವೂ ಚಿಕ್ಕಪ್ಪ, 'ಸೋತದ್ದು ಸೋತದ್ದೇ ಅಲ್ವಾ' ಅಂತ ರಾಗ ಎಳೆಯಲೇಬೇಕು.

ಇಷ್ಟು ಕೇಳಿದ ಮೇಲೆ, ಹಳೇ ಕಾಲದವರು ದೊಡ್ಡ ಮನುಷ್ಯರು, ಈಗಿನವರು ಜಗಳಗಂಟರು ಅಂತ ನಾನು ಬರೆಯುತ್ತೇನೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಬೇಸ್‌ಬಾಲ್‌ನಲ್ಲಿ ಅದು ಪೂರಾ ತಿರುಗುಮುರುಗು. ನಮ್ಮ ಮನೆಯಿಂದ ದೂರವಿಲ್ಲದ ಹೊಬೋಕನ್‌ನಲ್ಲಿ 1840ರ ದಶಕದಲ್ಲಿ ಆಡುತ್ತಿದ್ದ ನಿಕರ್‌ಬಾಕರ್ ಕ್ಲಬ್ಬಿನವರು ಸಭ್ಯರು, ನಿಜ. ಕೆಟ್ಟ ಮಾತಾಡಿದರೆ, ಅಂಪೈರ್ ಜೊತೆ ವಾದ ಮಾಡಿದರೆ ಅವರೇ ಅವರಿಗೆ ದಂಡ ಹಾಕಿಕೊಳ್ಳುತ್ತಿದ್ದರು. ಆಮೇಲೆ ಆಟಕ್ಕೆ ದುಡ್ಡು ಬಂತು. 1890ರ ದಶಕದಲ್ಲಿ ಬಾಲ್ಟಿಮೋರ್ ತಂಡದವರು ಓಡುವವನ ಬೆಲ್ಟು ಹಿಂದಿನಿಂದ ಹಿಡಿದು ನಿಲ್ಲಿಸುತ್ತಿದ್ದರು. ಯಾಕೆಂದರೆ ಇಡೀ ಮೈದಾನಕ್ಕೆ ಸಾಮಾನ್ಯವಾಗಿ ಒಬ್ಬನೇ ಅಂಪೈರ್. ಅವನು ಚೆಂಡಿನ ಕಡೆ ನೋಡುವಾಗ ಇವರು ಬೆಲ್ಟಿನ ಕಡೆ. ನಾಲ್ಕು ಜನ ಅಂಪೈರ್ ಅನ್ನುವ ಪದ್ಧತಿ ಗಟ್ಟಿಯಾದದ್ದು 1952ರಲ್ಲಿ.

ಬಿಲ್ ಕ್ಲೆಮ್ ಅಂತ ಒಬ್ಬರಿದ್ದರು, 1905ರಿಂದ 1941ರವರೆಗೆ ನ್ಯಾಷನಲ್ ಲೀಗ್ ಅನ್ನುವ ದೊಡ್ಡ ಲೀಗ್‌ನಲ್ಲಿ ಅಂಪೈರ್. ವಾದ ಜಾಸ್ತಿಯಾದರೆ ಶೂ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ತಿರುಗಿ ನಡೆದುಬಿಡುತ್ತಿದ್ದರು. ಆ ಗೆರೆ ದಾಟಿದವನು ಮೈದಾನದಿಂದ ಹೊರಗೆ. ಲಕ್ಷ್ಮಣರೇಖೆ! ನಾನೂ ಒಂದು ಸಲ ಎಳೆದು ನೋಡಿದೆ. ಕ್ಯಾಚರ್ ಹುಡುಗ, ಅಂದರೆ ಇಲ್ಲಿನ ವಿಕೆಟ್ ಕೀಪರ್, ಮಣ್ಣಲ್ಲಿ ಚಿತ್ರ ಬರೀತಿದೀರಾ ಅಂತ ಕೇಳಿದ.

1970ರ ದಶಕದಲ್ಲಿ ಬಾಲ್ಟಿಮೋರ್ ತಂಡದ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಅರ್ಲ್ ವೀವರ್ ಟೋಪಿ ಹಿಂದುಮುಂದಾಗಿ ತಿರುಗಿಸಿಕೊಂಡು ಅಂಪೈರ್ ಮುಖದ ಹತ್ತಿರ ಬರುತ್ತಿದ್ದರು. ಟೋಪಿಯ ಮುಂದಿನ ಅಂಚು ತಗುಲಿದರೆ ಶಿಕ್ಷೆ, ತಗುಲದಿದ್ದರೆ ಎಷ್ಟು ಬೇಕಾದರೂ ಕಿರುಚಬಹುದಲ್ಲ! ಮೈದಾನದಿಂದ ಅವರನ್ನು ಹೊರಗೆ ಕಳಿಸಿದ್ದು 90ಕ್ಕೂ ಹೆಚ್ಚು ಸಲ. ಅಟ್ಲಾಂಟಾದ ಬಾಬಿ ಕಾಕ್ಸ್‌ದು ಇನ್ನೂ ಮೇಲೆ, 158. ಅದೇ ದಾಖಲೆ. 1996ರಲ್ಲಿ ರಾಬರ್ಟೋ ಅಲೋಮಾರ್ ಅನ್ನುವ ಆಟಗಾರ ಅಂಪೈರ್ ಜಾನ್ ಹರ್ಶ್‌ಬೆಕ್ ಮುಖಕ್ಕೆ ಉಗಿದರು. ಶಿಕ್ಷೆ ಐದೇ ಐದು ಮ್ಯಾಚ್, ಅದೂ ಮುಂದಿನ ವರ್ಷ. ಇವರಿಬ್ಬರೂ ಆಮೇಲೆ ಸ್ನೇಹಿತರಾದರು ಅನ್ನುವುದು ಬೇರೆ ಮಾತು. ಇದೆಲ್ಲ ಹಿಂದಿನ ತಲೆಮಾರಿನ ಸಭ್ಯತೆ.

ಔಟೋ ಅಲ್ಲವೋ ಅನ್ನುವ ಗಲಾಟೆ ಕಮ್ಮಿಯಾದದ್ದು ಯಾರೋ ಬುದ್ಧಿ ಹೇಳಿದ್ದಕ್ಕಲ್ಲ. 2008ರಲ್ಲಿ ಹೋಮ್ ರನ್‌ಗಳಿಗೆ, ಅಂದರೆ ಇಲ್ಲಿನ ಸಿಕ್ಸರ್‌ಗಳಿಗೆ, ವಿಡಿಯೋ ನೋಡೋಕೆ ಶುರು ಮಾಡಿದರು, 2014ರಿಂದ ಇನ್ನೂ ಬಹಳ ತೀರ್ಪುಗಳಿಗೆ. ಮ್ಯಾನೇಜರ್‌ಗೆ ಈಗ ಕಿರುಚುವ ಬದಲು ವಿಡಿಯೋ ನೋಡಿ ಅಂತ ಕೇಳಿದರೆ ಸಾಕು. ಸಭ್ಯತೆ ಬಂದದ್ದು ಕ್ಯಾಮೆರಾ ಜೊತೆ.

ಕಿರುಚಾಟ, ಕ್ಯಾಮೆರಾ ಈ ಎರಡರ ನಡುವೆ ಸಿಕ್ಕಿಹಾಕಿಕೊಂಡ ಒಂದು ದಿನವಿದೆ. ಅದನ್ನು ನನಗೆ ತೋರಿಸಿದ್ದು ನನ್ನ ಮಗ, ಆ ಮೇ ಶನಿವಾರದ ರಾತ್ರಿಯೇ. 'ಅಮ್ಮಾ, ನಿನಗಿಂತ ದೊಡ್ಡ ತಪ್ಪು ಮಾಡಿದವರಿದ್ದಾರೆ' ಅಂತ ಹಾಸಿಗೆಯ ಮೇಲೆ ಕೂತು ಫೋನು ಕೊಟ್ಟ. 2010ರ ಜೂನ್ 2, ಡೆಟ್ರಾಯ್ಟ್. ಅರ್ಮಾಂಡೋ ಗಲರಾಗ ಅನ್ನುವ ಪಿಚರ್ ಎದುರಾಳಿಯ 26 ಜನರನ್ನು ಸಾಲಾಗಿ ಔಟ್ ಮಾಡಿದ್ದಾನೆ. ಇನ್ನೊಬ್ಬ ಆದರೆ 'ಪರ್ಫೆಕ್ಟ್ ಗೇಮ್'. ನೂರಕ್ಕೂ ಹೆಚ್ಚು ವರ್ಷದ ಆಟದಲ್ಲಿ ಅಷ್ಟೊತ್ತಿಗೆ ಇಪ್ಪತ್ತರಷ್ಟೇ ಆಗಿದ್ದವು. 27ನೆಯವನು ನೆಲದ ಮೇಲೆ ಹೊಡೆದ. ಮಿಗೆಲ್ ಕಬ್ರೇರಾ ಹಿಡಿದು ಎಸೆದರು, ಗಲರಾಗ ಓಡಿ ಬಂದು ಬೇಸ್ ತುಳಿದರು. ಒಂದು ಹೆಜ್ಜೆ ಮೊದಲೇ. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲ ಮಾಡಿದರು: ಸೇಫ್, ಅಂದರೆ ಔಟ್ ಅಲ್ಲ.

ಗಲರಾಗ ನಕ್ಕರು. ಅಷ್ಟೇ. ಕೂಗಲಿಲ್ಲ, ಟೋಪಿ ಎಸೆಯಲಿಲ್ಲ. ಒಂದು ಸಣ್ಣ ನಗು ನಕ್ಕು ವಾಪಸ್ ಹೋಗಿ ಮುಂದಿನವನನ್ನು ಔಟ್ ಮಾಡಿದರು. ಜಾಯ್ಸ್ ಆಮೇಲೆ ಒಳಗೆ ಹೋಗಿ ವಿಡಿಯೋ ನೋಡಿ, ಅವನ ಪರ್ಫೆಕ್ಟ್ ಗೇಮ್ ನಾನು ಕಿತ್ತುಕೊಂಡೆ ಅಂತ ಒಪ್ಪಿಕೊಂಡರು. ಮಾರನೇ ದಿನ ಹೋಮ್ ಪ್ಲೇಟ್ ಹಿಂದೆ ನಿಲ್ಲುವ ಸರದಿ ಅವರದೇ. ಆಟ ಶುರುವಾಗುವ ಮುಂಚೆ ತಂಡದ ಪಟ್ಟಿ ತಂದು ಕೊಡೋಕೆ ಬಂದವರು ಗಲರಾಗ. ಜಾಯ್ಸ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗಲರಾಗ ವಾಪಸ್ ಹೋಗುವಾಗ ಅವರ ಭುಜವನ್ನು ಜಾಯ್ಸ್ ತಟ್ಟಿದರು. ಅದನ್ನು ನಾನು ಮೂರು ಸಲ ನೋಡಿದೆ. ಆ ದಾಖಲೆ ಮಾತ್ರ ತಿದ್ದಲೇ ಇಲ್ಲ. ಈಗಾಗಿದ್ದರೆ ಒಂದೆರಡು ನಿಮಿಷ ವಿಡಿಯೋ ನೋಡಿ ಔಟ್ ಅಂದುಬಿಡುತ್ತಿದ್ದರು. ನ್ಯಾಯ ಸಿಗುತ್ತಿತ್ತು, ಆ ಮಾರನೇ ದಿನ ಸಿಗುತ್ತಿರಲಿಲ್ಲ. ಯಾವುದು ಬೇಕು ಅಂತ ಕೇಳಿದರೆ ನಾನು ವಿಡಿಯೋನೇ ಕೇಳುತ್ತೇನೆ, ಗಲರಾಗನ ಅಮ್ಮನ ಜಾಗದಲ್ಲಿ ನಿಂತು.

2026ರಿಂದ ಮೇಜರ್ ಲೀಗ್‌ನಲ್ಲಿ, ಅಂದರೆ ಎಲ್ಲಕ್ಕಿಂತ ಮೇಲಿನ ಹಂತದಲ್ಲಿ, ಸ್ಟ್ರೈಕ್ ವಿಚಾರಕ್ಕೂ ಯಂತ್ರ ಬಂತು. ಪೂರ್ತಿ ಅಲ್ಲ. ಪ್ಲೇಟ್ ಹಿಂದೆ ಮನುಷ್ಯನೇ ನಿಂತು ಕೂಗುತ್ತಾನೆ. ಒಪ್ಪದಿದ್ದರೆ ಬ್ಯಾಟರ್, ಪಿಚರ್, ಕ್ಯಾಚರ್ ಈ ಮೂವರಲ್ಲಿ ಒಬ್ಬ ತಲೆ ತಟ್ಟಿಕೊಂಡರೆ ಸಾಕು, ಕ್ಯಾಮೆರಾ ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುತ್ತದೆ. ತಂಡಕ್ಕೆ ಎರಡು ಅವಕಾಶ, ಗೆದ್ದರೆ ಅದು ಉಳಿಯುತ್ತದೆ. ನಮ್ಮ ಡಿಆರ್‌ಎಸ್ ಇದ್ದ ಹಾಗೆ, ಇಲ್ಲೂ ಬೆಂಚಿನ ಕಡೆ ನೋಡುವ ಹಾಗಿಲ್ಲ. ಸ್ಟ್ರೈಕ್‌ಗೆ ಚೆಂಡು ಹಾದುಹೋಗಬೇಕಾದ ಚೌಕದ ಅಗಲ ಪ್ಲೇಟಿನಷ್ಟೇ, 17 ಇಂಚು. ಮೇಲಿನ ಅಂಚು ಬ್ಯಾಟರ್ ಎತ್ತರದ 53.5 ಶೇಕಡಾ, ಕೆಳಗಿನದು 27 ಶೇಕಡಾ.

ಜಾಲರಿ ಹಿಂದಿನ ಅಪ್ಪ ಅಮ್ಮಂದಿರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ. 2025ರಲ್ಲಿ ಸೀಸನ್ನಿಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ ಇದನ್ನು ಪರೀಕ್ಷೆ ಮಾಡಿದಾಗ, ಆಟಗಾರರು ಕೇಳಿದ್ದರಲ್ಲಿ ಸರಿಯಾಗಿದ್ದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ. ಕೋಟಿಗಟ್ಟಲೆ ಸಂಬಳ ತೆಗೆದುಕೊಂಡು, ಚೆಂಡಿನ ಹತ್ತಿರವೇ ನಿಂತವರು ಹತ್ತಕ್ಕೆ ಹತ್ತಿರಹತ್ತಿರ ಐದು ಸಲ ತಪ್ಪು. ನೀವು ಮಡಚುವ ಕುರ್ಚಿಯಲ್ಲಿ, ಪಕ್ಕದಿಂದ, ಬಾಯಲ್ಲಿ ಚಿಪ್ಸ್ ಇಟ್ಟುಕೊಂಡು ನೋಡುತ್ತಿದ್ದೀರಿ. ಟಿವಿಯಲ್ಲಿ ಆ ಚೌಕ ನೋಡಿ ನೋಡಿ ಎಲ್ಲರ ಕಣ್ಣಲ್ಲೂ ಒಂದು ಚೌಕ ಕೂತುಬಿಟ್ಟಿದೆ. ದೊಡ್ಡವರ ಆಟದಲ್ಲಿ ಕ್ಯಾಮೆರಾ ಜಗಳ ಇಳಿಸಿತು. ನಮ್ಮ ಬೀದಿ ಮೈದಾನದಲ್ಲಿ ಅದೇ ಕ್ಯಾಮೆರಾ ಜಗಳ ಏರಿಸಿದೆ. ಇಲ್ಲಿ ಇರುವುದು ನನ್ನ ಎರಡು ಕಣ್ಣು, 13 ಡಾಲರಿನ ಒಂದು ಡಬ್ಬಿ.

ಹಾಂ, ಸ್ಟೀಲಿನದು. ಆ ಮ್ಯಾಚಿನ ಮಾರನೇ ದಿನವೇ ಕೊಂಡೆ. ಅಂಕಿ ಕೆತ್ತಿದ್ದಾರೆ, ಸವೆಯುವುದಿಲ್ಲ. ಚಕ್ರ ಗಟ್ಟಿ, ಪ್ರತಿ ಹಲ್ಲಿಗೂ ಹೆಬ್ಬೆರಳಿಗೆ ತಿಳಿಯುವ ಹಾಗೆ ಕಟ್ ಅನ್ನುತ್ತದೆ. ನೋಡದೆಯೇ ಎಣಿಸಬಹುದು, ಅದೇ ಮುಖ್ಯ. ಕೆಳಗೆ ನೋಡುವ ಅಂಪೈರ್‌ನನ್ನು ಯಾರೂ ನಂಬುವುದಿಲ್ಲ. ದೋಷ ಹೇಳಬೇಕೆಂದರೆ ಏಪ್ರಿಲ್ ಚಳಿಯಲ್ಲಿ ಮಂಜುಗಡ್ಡೆ, ಜುಲೈಯಲ್ಲಿ ಬಾಣಲೆ. ಸೊನ್ನೆ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುವ ಗುರುತು ಇಲ್ಲ. ನಾನು ಉಗುರಿನ ಬಣ್ಣ ಒಂದು ದಪ್ಪ ಬೊಟ್ಟು ಹಚ್ಚಿದೆ, ಈಗ ಗೊತ್ತಾಗುತ್ತದೆ. ಇನ್ನಿಂಗ್ಸ್ ಚಕ್ರ ಸುಮ್ನೆ, ಯಾರೂ ಬಳಸುವುದಿಲ್ಲ.

ಇದರ ಜೊತೆ ಒಂದು ಸಣ್ಣ ಬ್ರಶ್ ಕೊಟ್ಟರು, ಪ್ಲೇಟ್ ಒರೆಸೋಕೆ. ನಮ್ಮ ಊರಲ್ಲಿ ದೇವರ ಪಾತ್ರೆ ತೊಳೆಯುವ ಬ್ರಶ್ಶಿನಷ್ಟು. ಅದಕ್ಕೊಂದು ಮರ್ಯಾದೆ ಇದೆ: ಬಗ್ಗುವಾಗ ಬೆನ್ನು ಮೈದಾನದ ಕಡೆಗಿರಬೇಕು, ಪ್ರೇಕ್ಷಕರಿಗೆ ತೋರಿಸಬಾರದು. ಇನ್ನೊಂದು ಬಳಕೆಯನ್ನು ಹಳೇ ಅಂಪೈರ್ ಒಬ್ಬರು ಹೇಳಿಕೊಟ್ಟರು. ಕ್ಯಾಚರ್‌ಗೆ ಚೆಂಡು ಬಲವಾಗಿ ತಗುಲಿದರೆ, ಪ್ಲೇಟ್ ಚೊಕ್ಕವಾಗಿದ್ದರೂ ನಿಧಾನವಾಗಿ ಒರೆಸು. ಆ ಹುಡುಗನಿಗೆ ಉಸಿರು ಬರಲಿ. ನನಗೆ ತಗುಲಿದರೆ ಕ್ಯಾಚರ್ ಎದ್ದು ಪಿಚರ್ ಹತ್ತಿರ ಹೋಗಿ ಏನೋ ಮಾತಾಡುತ್ತಾನೆ. ಮಾತೇನಿಲ್ಲ, ನನಗೆ ಸಮಯ ಕೊಡೋಕೆ. ಇದು ಯಾವ ನಿಯಮ ಪುಸ್ತಕದಲ್ಲೂ ಇಲ್ಲ. ಜೂನ್‌ನಲ್ಲಿ ನನ್ನ ಮೊಣಕೈಗೆ ಬಿದ್ದಾಗ ಒಬ್ಬ ಹನ್ನೊಂದು ವರ್ಷದವನು ಹಾಗೆ ಮಾಡಿದ. ಅವನಿಗೆ ಯಾರು ಹೇಳಿಕೊಟ್ಟರೋ.

ಹೆಂಗಸರ ಕೈಗೆ ಸ್ಟೀಲಿನದು ಸ್ವಲ್ಪ ಅಗಲ. ಗಂಡಸಿನ ಅಂಗೈ ಅಳತೆಗೆ ಮಾಡಿದ್ದಾರೆ, ಎದೆಕವಚವೂ ಹಾಗೇ. ಆಶ್ಚರ್ಯವಿಲ್ಲ ಬಿಡಿ. 1972ರಲ್ಲಿ ಬರ್ನೀಸ್ ಗೆರಾ ಅನ್ನುವವರು ಕೋರ್ಟಿಗೆ ಹೋಗಿ ಗೆದ್ದು ಕೆಳಹಂತದ ವೃತ್ತಿಪರ ಲೀಗ್‌ನಲ್ಲಿ ಒಂದು ಮ್ಯಾಚ್ ಅಂಪೈರಿಂಗ್ ಮಾಡಿದರು. ಜೊತೆ ಅಂಪೈರ್‌ಗಳೇ ಸಹಕರಿಸಲಿಲ್ಲ ಅಂತ ಅದೇ ದಿನ ಬಿಟ್ಟರು. ಮೇಜರ್ ಲೀಗ್‌ಗೆ ಒಬ್ಬ ಹೆಣ್ಣು ಅಂಪೈರ್ ಆಗಿ ಬಂದದ್ದು 2025ರ ಆಗಸ್ಟ್ 9ಕ್ಕೆ, ಅಟ್ಲಾಂಟಾದಲ್ಲಿ, ಜೆನ್ ಪಾವೊಲ್. ನಮ್ಮ ನ್ಯೂಜೆರ್ಸಿಯವರೇ. ಮಾರನೇ ದಿನ ಅವರು ಪ್ಲೇಟ್ ಹಿಂದೆ ನಿಂತದ್ದನ್ನು ಟಿವಿಯಲ್ಲಿ ನೋಡುತ್ತಾ ನಾನು ಅವರ ಎಡಗೈಯನ್ನೇ ನೋಡುತ್ತಿದ್ದೆ. ನಮ್ಮ ಮನೆಯವರು, 'ಏನೇ, ಬಳೆ ಡಿಸೈನ್ ನೋಡ್ತಿದೀಯಾ' ಅಂದರು.

ಸ್ಟೀಲಿಗೆ ಐದಕ್ಕೆ ನಾಲ್ಕು. ಸೊನ್ನೆಗೆ ಗುರುತು ಹಾಕಿದ್ದರೆ ಇನ್ನರ್ಧ ಕೊಡುತ್ತಿದ್ದೆ. ಪ್ಲಾಸ್ಟಿಕ್ಕಿಗೆ ಎರಡು. ಆದರೂ ಬಿಸಾಕಿಲ್ಲ. ಈಗ ಅದು ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಪಕ್ಕ ಇದೆ. ಔಟ್ ಚಕ್ರ ಮಾತ್ರ ಇನ್ನೂ ಸರಿಯಾಗಿದೆ, ಕುಕ್ಕರ್ ವಿಷಲ್ ಎಣಿಸುತ್ತೇನೆ. ಮೂರಕ್ಕೆ ತೊಗರಿಬೇಳೆ ಔಟ್. ನಿನ್ನೆ ಎರಡೋ ಮೂರೋ ಅಂತ ನಮ್ಮ ಮನೆಯವರು ವಾದಕ್ಕೆ ಬಂದರು. ಸ್ಲಿಪ್ಪರ್ ತುದಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದೆ.